ಮದ್ದಿನ ಡ್ರಮ್ಮಿನೊಳಗಿನ ಪಿಎಚ್ ಲೆಕ್ಕ

ಅಡಿಕೆಗೆ ಬಿಡುವ ಬೋರ್ಡೋ, ರಬ್ಬರ್ ಹಾಲಿಗೆ ಹಾಕುವ ಆಸಿಡ್, ಬುಡಕ್ಕೆ ಎರಚುವ ಸುಣ್ಣ: ಪಿಯುಸಿ ಮಕ್ಕಳನ್ನು ಕಾಡುವ 'ಸಮತೋಲನ' ಪಾಠದ ಲೆಕ್ಕಗಳೆಲ್ಲ ಪುತ್ತೂರು, ಸುಳ್ಯ, ಕಡಬದ ತೋಟಗಳಲ್ಲೇ ಇವೆ.

ಮೇ ತಿಂಗಳು ಮುಗಿಯುತ್ತ ಬಂದಂತೆ ಪುತ್ತೂರು, ಸುಳ್ಯ, ಕಡಬ ಪೇಟೆಗಳ ಗೊಬ್ಬರದಂಗಡಿಗಳಲ್ಲಿ ಮೈಲುತುತ್ತು ಮತ್ತು ಸುಣ್ಣದ ಚೀಲಗಳು ರಾಶಿ ಬೀಳುತ್ತವೆ. ಮಳೆ ಹಿಡಿಯುವುದರೊಳಗೆ ಅಡಿಕೆಗೆ ಒಂದು ಸುತ್ತು ಮದ್ದು ಬಿಟ್ಟು ಮುಗಿಸಬೇಕು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಊರಿನ ಪಿಯು ಕಾಲೇಜುಗಳೂ ತೆರೆಯುತ್ತವೆ. ಮುಂದಿನ ಕೆಲವು ತಿಂಗಳಲ್ಲಿ ವಿಜ್ಞಾನ ತೆಗೆದುಕೊಂಡ ಮಕ್ಕಳು ರಸಾಯನಶಾಸ್ತ್ರದ 'ಸಮತೋಲನ' ಎಂಬ ಪಾಠಕ್ಕೆ ಬರುತ್ತಾರೆ. ಆಮ್ಲ, ಪ್ರತ್ಯಾಮ್ಲ, ಪಿಎಚ್, ಬಫರ್, ವಿಲೇಯತಾ ಗುಣಲಬ್ಧ ಎಲ್ಲ ಒಂದರ ಹಿಂದೊಂದು ಬಂದು, ಯಾವ ಲೆಕ್ಕಕ್ಕೆ ಯಾವ ಸೂತ್ರ ಎಂಬ ಗೊಂದಲದಲ್ಲಿ ಬಹಳ ಮಂದಿ ಕೈಚೆಲ್ಲುವುದು ಇಲ್ಲೇ.

ಸೂತ್ರ ಗೊತ್ತಿಲ್ಲದ್ದರಿಂದ ಈ ಲೆಕ್ಕಗಳು ತಪ್ಪುವುದು ಅಪರೂಪ. ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಎಂದು ತಿಳಿದಾಗ ತಪ್ಪುತ್ತವೆ. ಮೊದಲನೆಯ ಪ್ರಶ್ನೆ: ಈ ಗಳಿಗೆಯಲ್ಲಿ ನೀರಿನೊಳಗೆ ಆಮ್ಲ ಎಷ್ಟು ತೀಕ್ಷ್ಣವಾಗಿದೆ? ಎರಡನೆಯದು: ಆ ಪಾತ್ರೆಯಲ್ಲಿ ಆಮ್ಲದ ಒಟ್ಟು ದಾಸ್ತಾನು ಎಷ್ಟು? ಪಿಎಚ್ ಉತ್ತರಿಸುವುದು ಮೊದಲನೆಯದಕ್ಕೆ ಮಾತ್ರ. ಡ್ರಮ್ಮಿಗೆ ಎಷ್ಟು ಸುಣ್ಣ ಬೇಕು, ಹಾಲಿಗೆ ಎಷ್ಟು ಆಸಿಡ್ ಬೇಕು, ತೋಟಕ್ಕೆ ಎಷ್ಟು ಚೀಲ ಬೇಕು ಎಂಬುದೆಲ್ಲ ಎರಡನೆಯದಕ್ಕೆ ಸೇರಿದ್ದು.

ಪಿಎಚ್ ಎಂಬ ಅಳತೆ ಹುಟ್ಟಿದ್ದು 1909ರಲ್ಲಿ, ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ. ನೀರಿನಲ್ಲಿರುವ ಹೈಡ್ರೋಜನ್ ಅಯಾನುಗಳ ಪ್ರಮಾಣ ಬರೆಯಲು ಹೊರಟರೆ ಸೊನ್ನೆಗಳ ಸಾಲೇ ಬರುತ್ತದೆ. ಅದರ ಬದಲು ಹತ್ತರ ಘಾತವನ್ನಷ್ಟೇ ಬರೆದರೆ ಸಾಕು ಎಂದವರು ಅಲ್ಲಿನ ವಿಜ್ಞಾನಿ ಸೋರೆನ್‌ಸೆನ್. ಲೀಟರಿಗೆ ಹತ್ತು ಲಕ್ಷದ ಒಂದು ಪಾಲು ಮೋಲ್ ಇದ್ದರೆ ಪಿಎಚ್ 6, ಲಕ್ಷದ ಒಂದು ಪಾಲಿದ್ದರೆ 5. ಅಂಕಿ ಒಂದು ಇಳಿದರೆ ತೀಕ್ಷ್ಣತೆ ಹತ್ತು ಪಟ್ಟು ಏರಿತು ಎಂದರ್ಥ.

ಬೋರ್ಡೋದಿಂದ ಮಲೆನಾಡಿಗೆ

ಮದ್ದಿನ ಊರು ಫ್ರಾನ್ಸಿನ ಬೋರ್ಡೋ. ಅಲ್ಲಿನ ದ್ರಾಕ್ಷಿ ಬೆಳೆಗಾರರು ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತು ಮತ್ತು ಸುಣ್ಣ ಕಲಸಿದ ನೀರು ಹೊಡೆಯುತ್ತಿದ್ದರು. 1882ರಲ್ಲಿ ತೋಟಗಳೆಲ್ಲ ಬೂಜುರೋಗಕ್ಕೆ ತುತ್ತಾದಾಗ ಈ ಬಳ್ಳಿಗಳು ಮಾತ್ರ ಹಸಿರಾಗಿ ಉಳಿದಿದ್ದವು. ಸಸ್ಯಶಾಸ್ತ್ರಜ್ಞ ಪಿಯರ್ ಮಿಲಾರ್ಡೆ ಅದನ್ನು ಗಮನಿಸಿ, ಪರೀಕ್ಷಿಸಿ, 1885ರಲ್ಲಿ ಪ್ರಕಟಿಸಿದರು.

ನಮ್ಮ ಕಡೆಗೆ ಅದು ಬಂದದ್ದು ಕೊಳೆರೋಗದ ಕಾರಣಕ್ಕೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ 1908ರಲ್ಲಿ ಶಿಲೀಂಧ್ರತಜ್ಞರಾಗಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆ ತೋಟಗಳಲ್ಲಿ ಈ ರೋಗದ ಬೆನ್ನುಹತ್ತಿ, 1910ರಲ್ಲಿ ಅದರ ಮೇಲೊಂದು ಇಲಾಖಾ ಪುಸ್ತಿಕೆ ಹೊರತಂದರು. ಅಲ್ಲಿಯತನಕ ಕೊನೆಗಳನ್ನು ಮಳೆಯಿಂದ ಕಾಪಾಡಲು ಕೊಟ್ಟೆ ಕಟ್ಟುವುದೇ ದಾರಿಯಾಗಿತ್ತು. ಬೋರ್ಡೋ ಸಿಂಪಡಿಸಿದರೆ ರೋಗ ನಿಲ್ಲುತ್ತದೆ ಎಂದು ಬೆಳೆಗಾರರ ಎದುರೇ ತೋರಿಸಿಕೊಟ್ಟವರು ಅವರು. ಆಗ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲೂ ಮದ್ದು ಕಾಲಕ್ರಮದಲ್ಲಿ ತೋಟದ ವಾರ್ಷಿಕ ಕೆಲಸವಾಯಿತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಸೀಮೆ ಇದು. ಕೊಳೆರೋಗ ತರುವ ಫೈಟಾಫ್ತೊರ ನೀರಿನಲ್ಲಿ ಈಜಬಲ್ಲ ಬೀಜಾಣುಗಳ ಜೀವಿ. ಎಳೆಯ ಅಡಿಕೆಯ ಮೇಲೆ ನೀರಿನ ಪದರ ನಿಂತರೆ ಅದಕ್ಕೆ ಹಬ್ಬ.

ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಶೇ 1ರ ಬೋರ್ಡೋ ಎಂದರೆ ಇಷ್ಟೇ. ಈ ಒಂದು ಸಾಲಿನೊಳಗೆ ಸಮತೋಲನ ಪಾಠದ ಮುಕ್ಕಾಲು ಪಾಲು ಅಡಗಿದೆ.

ಮೈಲುತುತ್ತಿನ ನೀರು ಆಮ್ಲ ಏಕೆ?

ಮೈಲುತುತ್ತು ಎಂದರೆ ತಾಮ್ರದ ಸಲ್ಫೇಟ್, ಹೆಸರಿಗೆ ಲವಣ. ಆದರೆ ಅದನ್ನು ಕರಗಿಸಿದ ನೀರಿಗೆ ನೀಲಿ ಲಿಟ್ಮಸ್ ಅದ್ದಿದರೆ ಕೆಂಪಾಗುತ್ತದೆ. ಹೈಡ್ರೋಜನ್ ಇಲ್ಲದ ತಾಮ್ರದ ಅಯಾನು ಆಮ್ಲವಾಗುವುದು ಹೇಗೆ? ನೀರಿಗೆ ಬಿದ್ದ ತಾಮ್ರದ ಅಯಾನು ತನ್ನ ಸುತ್ತ ನೀರಿನ ಅಣುಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹಾಗೆ ಸಿಕ್ಕಿಬಿದ್ದ ನೀರಿನ ಅಣು ತನ್ನ ಒಂದು ಪ್ರೋಟಾನನ್ನು ಸುಲಭದಲ್ಲಿ ಬಿಟ್ಟುಕೊಡುತ್ತದೆ. ಪ್ರೋಟಾನ್ ಕೊಡುವುದೇ ಆಮ್ಲ, ತೆಗೆದುಕೊಳ್ಳುವುದೇ ಪ್ರತ್ಯಾಮ್ಲ ಎಂದು ಬ್ರಾನ್‌ಸ್ಟೆಡ್ ಮತ್ತು ಲೌರಿ 1923ರಲ್ಲಿ ಪ್ರತ್ಯೇಕವಾಗಿ ಹೇಳಿದ ಅರ್ಥದಲ್ಲಿ, ಮೈಲುತುತ್ತಿನ ನೀರು ಒಂದು ದುರ್ಬಲ ಆಮ್ಲ.

ಎಷ್ಟು ದುರ್ಬಲ? ಅದರ ವಿಯೋಜನ ಸ್ಥಿರಾಂಕವನ್ನು ಸುಮಾರು ಹತ್ತು ಕೋಟಿಯ ಒಂದು ಪಾಲು ಎಂದು ಇಟ್ಟುಕೊಳ್ಳೋಣ. ಲೀಟರಿಗೆ 10 ಗ್ರಾಂ ಮೈಲುತುತ್ತು ಎಂದರೆ 0.04 ಮೋಲ್. ಇವೆರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ ಹೈಡ್ರೋಜನ್ ಅಯಾನು ಲೀಟರಿಗೆ 0.00002 ಮೋಲ್, ಪಿಎಚ್ 4.7. ಸ್ಥಿರಾಂಕದ ಬೆಲೆ ಸ್ವಲ್ಪ ಆಚೀಚೆ ಆದರೂ ಉತ್ತರ ನಾಲ್ಕೂವರೆಯ ಆಸುಪಾಸಿನಲ್ಲೇ ನಿಲ್ಲುತ್ತದೆ.

ಈಗ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ನೀರಿನಲ್ಲಿ ಸ್ವತಂತ್ರವಾಗಿ ಓಡಾಡುತ್ತಿರುವ ಆಮ್ಲ 0.00002 ಮೋಲ್. ಆದರೆ ಪ್ರತಿ ತಾಮ್ರವೂ ಎರಡು ಪ್ರೋಟಾನ್ ಬಿಡುವತನಕ ಸುಣ್ಣವನ್ನು ನುಂಗಬಲ್ಲದು. ಹಾಗಾಗಿ ದಾಸ್ತಾನು 0.08 ಮೋಲ್, ತೀಕ್ಷ್ಣತೆಯ ನಾಲ್ಕು ಸಾವಿರ ಪಟ್ಟು. ಪಿಎಚ್ ಮಾತ್ರ ನೋಡಿ ಸುಣ್ಣ ಅಳೆಯಹೊರಟವನಿಗೆ ಡ್ರಮ್ಮಿಗೆ ಒಂದು ಚಿಟಿಕೆ ಸಾಕು ಎನಿಸುತ್ತದೆ.

ಮೊದಲು ಮೋಲ್ ಲೆಕ್ಕ, ಆಮೇಲೆ ಸಮತೋಲನ

ನೂರು ಲೀಟರಿನ ಡ್ರಮ್ಮಿಗೆ ಸರಿಯಾದ ಲೆಕ್ಕ ಹೀಗೆ. ಒಂದು ಕಿಲೋ ಮೈಲುತುತ್ತು 4 ಮೋಲ್. ಒಂದು ಮೋಲ್ ತಾಮ್ರವನ್ನು ಹೈಡ್ರಾಕ್ಸೈಡ್ ಮಾಡಲು ಒಂದು ಮೋಲ್ ಅರಳಿದ ಸುಣ್ಣ ಬೇಕು. ಅದರ ತೂಕ 74 ಗ್ರಾಂ. ನಾಲ್ಕು ಮೋಲಿಗೆ 296 ಗ್ರಾಂ. ಅಂದರೆ ಸುಣ್ಣ ಅಪ್ಪಟವಾಗಿದ್ದರೆ ಒಂದು ಕಿಲೋ ಮೈಲುತುತ್ತಿಗೆ 300 ಗ್ರಾಂ ಸಾಕು. ನಿಜವಾಗಿ ಉಂಟಾಗುವ ನೀಲಿ ಗಸಿಯಲ್ಲಿ ಸ್ವಲ್ಪ ಸಲ್ಫೇಟೂ ಸೇರಿಕೊಳ್ಳುವುದರಿಂದ ಇನ್ನೂ ಕಡಿಮೆ ಸಾಕಾದೀತು.

ಹಾಗಿದ್ದರೆ ಒಂದು ಕಿಲೋ ಏಕೆ ಹೇಳುತ್ತಾರೆ? ಪೇಟೆಯ ಸುಣ್ಣ ಅಪ್ಪಟ ಅಲ್ಲ ಎಂಬುದೇ ಮೊದಲ ಕಾರಣ. ಕಪ್ಪೆಚಿಪ್ಪು ಸುಟ್ಟ ಸುಣ್ಣವಿರಲಿ, ಕಲ್ಲು ಸುಟ್ಟದ್ದಿರಲಿ, ಗಾಳಿಗೆ ತೆರೆದಿಟ್ಟರೆ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಚಿಪ್ಪಿನ ಪುಡಿಯೇ ಆಗುತ್ತ ಹೋಗುತ್ತದೆ. ಎರಡನೆಯದು, ತಾಮ್ರ ಸ್ವಲ್ಪ ಬಾಕಿ ಉಳಿದರೂ ಎಳೆಯ ಅಡಿಕೆ ಮತ್ತು ಹಿಂಗಾರ ಸುಟ್ಟಂತಾಗುತ್ತವೆ. ಸುಣ್ಣ ಹೆಚ್ಚಾದರೆ ಅಂಥ ಅಪಾಯವಿಲ್ಲ.

ಹೆಚ್ಚಾದರೆ ಪಿಎಚ್ ಎಲ್ಲಿಗೆ ಹೋಗುತ್ತದೆ? ಒಂದು ಕಿಲೋ ಸುಣ್ಣ 13.5 ಮೋಲ್. ತಾಮ್ರಕ್ಕೆ 4 ಹೋಗಿ 9.5 ಉಳಿಯಿತು. ನೂರು ಲೀಟರಿಗೆ ಹಂಚಿದರೆ ಲೀಟರಿಗೆ 0.095 ಮೋಲ್, ಪ್ರತಿಯೊಂದಕ್ಕೂ ಎರಡು ಹೈಡ್ರಾಕ್ಸೈಡ್, ಒಟ್ಟು 0.19. ಪಿಎಚ್ 13.3 ಎಂದು ಬರೆದು ವಿದ್ಯಾರ್ಥಿ ಪೆನ್ನು ಕೆಳಗಿಡುತ್ತಾನೆ. ಗುಣಾಕಾರ ಸರಿಯಿದೆ, ಉತ್ತರ ತಪ್ಪು. ಸುಣ್ಣ ನೀರಿನಲ್ಲಿ ಕರಗುವುದೇ ಲೀಟರಿಗೆ 1.7 ಗ್ರಾಂ ಅಷ್ಟು. ನೂರು ಲೀಟರಿನಲ್ಲಿ 170 ಗ್ರಾಂ ಕರಗಿ, ಉಳಿದ ಅರ್ಧ ಕಿಲೋ ಬಿಳಿ ಪುಡಿಯಾಗಿಯೇ ಇರುತ್ತದೆ. ಡ್ರಮ್ಮಿನ ನಿಜವಾದ ಪಿಎಚ್ 12.4ರ ಹತ್ತಿರ. ಲಾಗರಿದಂ ಬಿಚ್ಚಿದರೆ, ಕಾಗದದ ಉತ್ತರಕ್ಕೂ ಡ್ರಮ್ಮಿನ ಉತ್ತರಕ್ಕೂ ಎಂಟು ಪಟ್ಟು ವ್ಯತ್ಯಾಸ. ಇನ್ನೂ ಒಂದು ಕಿಲೋ ಸುಣ್ಣ ಸುರಿದರೂ ಪಿಎಚ್ 12.4ರಿಂದ ಮೇಲೆ ಏರದು. ದಾಸ್ತಾನು ಬೆಳೆಯುತ್ತದೆ, ತೀಕ್ಷ್ಣತೆ ಅಲ್ಲೇ ನಿಲ್ಲುತ್ತದೆ.

ಈ ಒಂದು ಡ್ರಮ್ಮಿನಿಂದಲೇ ಲೆಕ್ಕ ಬಿಡಿಸುವ ಕ್ರಮ ಸಿಗುತ್ತದೆ. ಮೊದಲು, ನೀರಿಗೆ ಬಿದ್ದವುಗಳ ಪಟ್ಟಿ ಮಾಡುವುದು. ಅವುಗಳಲ್ಲಿ ಆಮ್ಲ ಯಾವುದು, ಪ್ರತ್ಯಾಮ್ಲ ಯಾವುದು, ಸುಮ್ಮನೆ ನೋಡುತ್ತ ಕೂರುವ ಅಯಾನು ಯಾವುದು ಎಂದು ಬೇರ್ಪಡಿಸುವುದು. ಎರಡನೆಯದಾಗಿ, ಪೂರ್ತಿಯಾಗಿ ನಡೆದು ಮುಗಿಯುವ ಕ್ರಿಯೆಯನ್ನು ಮೋಲ್‌ಗಳಲ್ಲಿ ಮುಗಿಸಿಬಿಡುವುದು. ಈ ಹಂತದಲ್ಲಿ ಸ್ಥಿರಾಂಕ, ವರ್ಗಮೂಲ ಯಾವುದನ್ನೂ ಮುಟ್ಟಬಾರದು. ಮೂರನೆಯದಾಗಿ, ಏನು ಉಳಿಯಿತು ಎಂದು ಕೇಳುವುದು. ಪ್ರಬಲ ಆಮ್ಲವೋ ಪ್ರತ್ಯಾಮ್ಲವೋ ಉಳಿದರೆ ಅದರದ್ದೇ ಲೆಕ್ಕ. ದುರ್ಬಲ ಆಮ್ಲ ಒಂದೇ ಉಳಿದರೆ ವರ್ಗಮೂಲ. ದುರ್ಬಲ ಆಮ್ಲ ಮತ್ತು ಅದರ ಲವಣ ಎರಡೂ ಉಳಿದರೆ ಬಫರ್. ದುರ್ಬಲ ಆಮ್ಲದ ಲವಣ ಮಾತ್ರ ಉಳಿದರೆ ಅದನ್ನು ದುರ್ಬಲ ಪ್ರತ್ಯಾಮ್ಲ ಎಂದು ಹಿಡಿಯಬೇಕು. ನಾಲ್ಕನೆಯದಾಗಿ, ಆರಂಭ, ಬದಲಾವಣೆ, ಸಮತೋಲನ ಎಂಬ ಮೂರು ಸಾಲಿನ ಕೋಷ್ಟಕ ಬರೆದು ಉತ್ತರ ತೆಗೆಯುವುದು. ಕೊನೆಗೆ, ಆ ಉತ್ತರ ಸಾಧ್ಯವೇ ಎಂದು ನೋಡುವುದು.

ಕೊನೆಯದನ್ನು ಬಿಟ್ಟವರು ಪರೀಕ್ಷೆಯಲ್ಲಿ ಬೀಳುವ ಹೊಂಡ ಪ್ರಸಿದ್ಧವಾದದ್ದು. ಲೀಟರಿಗೆ ಹತ್ತು ಕೋಟಿಯ ಒಂದು ಪಾಲು ಮೋಲ್ ಇರುವ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ ಎಷ್ಟು? ಸೂತ್ರ 8 ಎನ್ನುತ್ತದೆ. ನೀರಿಗೆ ಆಮ್ಲ ಹಾಕಿದರೆ ಅದು ಕ್ಷಾರವಾದೀತೇ? ಇಲ್ಲಿ ಮರೆತುಹೋದದ್ದು ನೀರು. ಶುದ್ಧ ನೀರು ತಾನೇ ಕೊಡುವ ಅಯಾನು ಈ ಆಮ್ಲಕ್ಕಿಂತ ಹತ್ತು ಪಟ್ಟು ಹೆಚ್ಚು. ಅದನ್ನೂ ಸೇರಿಸಿದರೆ ಉತ್ತರ 6.98. ಇಂಥ ಕಡೆ ಯಾವ ಸೂತ್ರವೂ ನೆನಪಾಗದಿದ್ದರೆ ಎರಡು ನಿಯಮ ಸಾಕು. ದ್ರಾವಣದಲ್ಲಿ ಧನ ವಿದ್ಯುದಂಶದ ಮೊತ್ತವೂ ಋಣ ವಿದ್ಯುದಂಶದ ಮೊತ್ತವೂ ಸಂಘದ ಜಮಾ-ಖರ್ಚಿನ ಹಾಗೆ ತಾಳೆಯಾಗಲೇಬೇಕು. ಹಾಗೆಯೇ, ಹಾಕಿದ ಒಟ್ಟು ವಸ್ತು ಯಾವ ರೂಪದಲ್ಲಿದ್ದರೂ ಮೊತ್ತ ಬದಲಾಗಬಾರದು. ಎಂಥ ಕಠಿಣ ಲೆಕ್ಕವೂ ಕಡೆಗೆ ಈ ಎರಡು ಸಮೀಕರಣಗಳಿಗೇ ಬಂದು ನಿಲ್ಲುತ್ತದೆ.

ಚೂರಿ ಹೇಳುವುದೇನು, ಮಳೆ ಮಾಡುವುದೇನು

ಮದ್ದು ಹದವಾಯಿತೇ ಎಂದು ನೋಡಲು ತೋಟದಲ್ಲಿ ಲಿಟ್ಮಸ್ ಕಾಗದ ಇಲ್ಲದಿದ್ದರೆ ಕಬ್ಬಿಣದ ಚೂರಿ ಅದ್ದುತ್ತಾರೆ. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಇನ್ನಷ್ಟು ಸುಣ್ಣ ಬೇಕು. ಇದು ಆಮ್ಲದ ಪರೀಕ್ಷೆಯಲ್ಲ. ಕಬ್ಬಿಣ ಕರಗಿ ಅದರ ಜಾಗದಲ್ಲಿ ತಾಮ್ರ ಕೂರುವುದು ಬೇರೆಯೇ ಕ್ರಿಯೆ; ಚೂರಿ ಹುಡುಕುವುದು ಸ್ವತಂತ್ರ ತಾಮ್ರವನ್ನು. ಆದರೂ ಚೂರಿಯೂ ಲಿಟ್ಮಸ್ಸೂ ಒಂದೇ ತೀರ್ಪು ಕೊಡುತ್ತವೆ. ಏಕೆಂದರೆ ತಾಮ್ರದ ಹೈಡ್ರಾಕ್ಸೈಡಿನ ವಿಲೇಯತಾ ಗುಣಲಬ್ಧದಲ್ಲಿ ಹೈಡ್ರಾಕ್ಸೈಡಿನ ಪ್ರಮಾಣ ವರ್ಗವಾಗಿ ಬರುತ್ತದೆ. ಪಿಎಚ್ ಒಂದು ಅಂಕ ಏರಿದರೆ ಕರಗಿ ಉಳಿಯಬಲ್ಲ ತಾಮ್ರ ನೂರು ಪಟ್ಟು ಇಳಿಯುತ್ತದೆ, ಎರಡು ಅಂಕ ಏರಿದರೆ ಹತ್ತು ಸಾವಿರ ಪಟ್ಟು. ಪಿಎಚ್ 12 ದಾಟಿದ ಡ್ರಮ್ಮಿನಲ್ಲಿ ಚೂರಿಗೆ ಅಂಟುವಷ್ಟು ತಾಮ್ರ ಉಳಿದಿರುವುದೇ ಇಲ್ಲ. ಕಬ್ಬಿಣದ ಡ್ರಮ್ಮಿನಲ್ಲಿ ಮೈಲುತುತ್ತು ಕರಗಿಸಬಾರದು, ಪ್ಲಾಸ್ಟಿಕ್ಕಿನದೇ ಆಗಬೇಕು ಎಂಬುದಕ್ಕೂ ಚೂರಿಯದೇ ಕಾರಣ: ಡ್ರಮ್ಮು ತೂತಾಗುತ್ತದೆ, ಮದ್ದಿನ ತಾಮ್ರ ಡ್ರಮ್ಮಿಗೆ ಹೋಗುತ್ತದೆ.

ಸುಣ್ಣದ ನೀರಿಗೆ ಮೈಲುತುತ್ತಿನ ನೀರನ್ನು ಕದಡುತ್ತ ಸುರಿಯಬೇಕೇ ಹೊರತು ತಿರುಗಾ ಮುರುಗಾ ಅಲ್ಲ ಎಂಬ ಮಾತಿನ ಹಿಂದೆಯೂ ಇದೇ ಇದೆ. ಸುಣ್ಣಕ್ಕೆ ತಾಮ್ರ ಬಿದ್ದರೆ ಪಾತ್ರೆ ಮೊದಲಿನಿಂದ ಕೊನೆಯವರೆಗೂ ಕ್ಷಾರವಾಗಿಯೇ ಇದ್ದು, ಬಿದ್ದ ತಾಮ್ರವೆಲ್ಲ ಆ ಕ್ಷಣವೇ ನಯವಾದ ಆಕಾಶನೀಲಿ ಗಸಿಯಾಗುತ್ತದೆ. ತಾಮ್ರಕ್ಕೆ ಸುಣ್ಣ ಸುರಿದರೆ ಪಾತ್ರೆ ಬಹಳ ಹೊತ್ತು ಆಮ್ಲವಾಗಿಯೇ ಉಳಿದು, ಗಸಿ ನಿಧಾನಕ್ಕೆ ದಪ್ಪ ಕಾಳಾಗಿ ಬೆಳೆದು ತಳ ಸೇರುತ್ತದೆ. ಪಂಪಿನ ನಳಿಗೆ ಕಟ್ಟುವುದು, ಕಾಯಿಗೆ ಮದ್ದು ಹಿಡಿಯದಿರುವುದು ಎಲ್ಲ ಆಮೇಲಿನ ಫಲ. ಮದ್ದನ್ನು ಅಂದೇ ಬಿಟ್ಟು ಮುಗಿಸಬೇಕೆನ್ನುವುದೂ ಕಾಳು ಬೆಳೆಯುತ್ತಲೇ ಇರುತ್ತದೆ ಎಂಬ ಕಾರಣಕ್ಕೆ.

ತಾಮ್ರವೆಲ್ಲ ಗಟ್ಟಿಯಾಗಿ ಕೂತರೆ ರೋಗ ಸಾಯುವುದು ಯಾವುದರಿಂದ ಎಂಬ ಪ್ರಶ್ನೆ ಏಳಬೇಕು. ಅದಕ್ಕೆ ಉತ್ತರ ಮಳೆನೀರಿನಲ್ಲಿದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿದ ಮಳೆಹನಿ ಒಂದು ದುರ್ಬಲ ಆಮ್ಲ. ಈಗಿನ ಗಾಳಿಯಲ್ಲಿ ಲೀಟರ್ ನೀರಿಗೆ ಕರಗುವ ಪ್ರಮಾಣ 0.000014 ಮೋಲ್, ಅದರ ಸ್ಥಿರಾಂಕ ಕೋಟಿಗೆ ನಾಲ್ಕೂವರೆ ಪಾಲು. ಗುಣಿಸಿ ವರ್ಗಮೂಲ ತೆಗೆದರೆ ಪಿಎಚ್ 5.6. ಕಾಯಿಯ ಮೇಲೆ ಕೂತ ಸುಣ್ಣ ದಿನಕಳೆದಂತೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕಾರ್ಬೊನೇಟ್ ಆಗುತ್ತದೆ. ಆಮೇಲೆ ಪ್ರತಿ ಮಳೆಗೂ ನೀಲಿ ಪದರದಿಂದ ಒಂದಿಷ್ಟು ತಾಮ್ರ ಬಿಡುಗಡೆಯಾಗುತ್ತದೆ. ಬೀಜಾಣು ಈಜಲು ಬೇಕಾದ ನೀರೇ ಅದಕ್ಕೆ ವಿಷವನ್ನೂ ಕರಗಿಸಿ ತರುತ್ತದೆ. ಮಳೆಗೆ ಪದರ ಸವೆಯುತ್ತ ಹೋಗುವುದರಿಂದ ನಲವತ್ತು–ನಲವತ್ತೈದು ದಿನ ಕಳೆದು ಎರಡನೆಯ ಮದ್ದು. ಇಲ್ಲಿ ದಾಸ್ತಾನು ಇರುವುದು ಗಸಿಯಲ್ಲಿ, ತೀಕ್ಷ್ಣತೆ ಮಳೆಹನಿಯಲ್ಲಿ. ಕಡಿಮೆ ತೀಕ್ಷ್ಣತೆಯಿಂದಲೇ ಕೊಳೆ ಸಾಯುತ್ತದೆ, ಅಡಿಕೆ ಸುಡದೆ ಉಳಿಯುತ್ತದೆ.

ರಬ್ಬರ್ ಹಾಲಿನ ಬಫರ್

ಸುಳ್ಯ ಮತ್ತು ಕಡಬದ ಗುಡ್ಡಗಳಲ್ಲಿ ರಬ್ಬರ್ ಬಂದ ಕತೆಗೆ ರಾಜಕೀಯವೂ ಸೇರಿದೆ. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಂತೆ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆ ಇಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆ ಸಿಕ್ಕಿತು. ಈಗ ಖಾಸಗಿ ತೋಟಗಳೂ ಬೇಕಾದಷ್ಟಿವೆ. ಬೆಳಗಿನ ಟ್ಯಾಪಿಂಗ್ ಮುಗಿಸಿ ಹಾಲು ತಂದು, ನೀರು ಬೆರೆಸಿ, ತಟ್ಟೆಗೆ ಹೊಯ್ದು, ಆಸಿಡ್ ಹಾಕಿ ಹೆಪ್ಪುಗಟ್ಟಿಸಿ ಶೀಟ್ ಮಾಡುತ್ತಾರೆ. ಆ ಆಸಿಡ್ ಹೆಚ್ಚಾಗಿ ಫಾರ್ಮಿಕ್.

ಹಾಲಿನಲ್ಲಿ ರಬ್ಬರಿನ ಕಣಗಳು ಒಂದಕ್ಕೊಂದು ಅಂಟದೆ ತೇಲುವುದು ಅವುಗಳ ಮೈಮೇಲಿನ ಪ್ರೋಟೀನಿನ ಋಣ ವಿದ್ಯುದಂಶದಿಂದ. ತಾಜಾ ಹಾಲಿನ ಪಿಎಚ್ ಏಳರ ಹತ್ತಿರ. ಅದನ್ನು 4.7ರ ಆಸುಪಾಸಿಗೆ ಇಳಿಸಿದರೆ ವಿದ್ಯುದಂಶ ಅಳಿದು ಕಣಗಳು ಕೂಡಿಕೊಳ್ಳುತ್ತವೆ. ಗೆರಟೆಯಲ್ಲೇ ಉಳಿದ ಹಾಲು ತಾನಾಗಿ ಗಟ್ಟಿಯಾಗಿ ಸ್ಕ್ರ್ಯಾಪ್ ಆಗುವುದಕ್ಕೆ ಬ್ಯಾಕ್ಟೀರಿಯಾಗಳು ತಯಾರಿಸುವ ಆಮ್ಲವೇ ಮುಖ್ಯ ಕಾರಣ. ಹಾಲನ್ನು ದೂರ ಸಾಗಿಸುವವರು ಅಮೋನಿಯಾ ಹಾಕಿ ಅದನ್ನು ತಡೆಯುತ್ತಾರೆ.

ಶೇ 1ರ ಫಾರ್ಮಿಕ್ ಆಮ್ಲದಲ್ಲಿ ಲೀಟರಿಗೆ 0.217 ಮೋಲ್ ಇರುತ್ತದೆ. ಸ್ಥಿರಾಂಕ 0.00018. ವರ್ಗಮೂಲದ ಲೆಕ್ಕದಲ್ಲಿ ಪಿಎಚ್ 2.2. ಅಂದರೆ ನೂರರಲ್ಲಿ ಮೂರು ಅಣು ಮಾತ್ರ ಪ್ರೋಟಾನ್ ಬಿಟ್ಟಿವೆ. ಉಳಿದ 97 ಕಾದು ಕೂತಿವೆ. ಇದನ್ನೇ ಹತ್ತು ಪಟ್ಟು ತೆಳುಮಾಡಿದರೆ ಪಿಎಚ್ ಒಂದು ಅಂಕ ಏರುವುದಿಲ್ಲ, ಅರ್ಧ ಅಂಕ ಏರಿ 2.7 ಆಗುತ್ತದೆ. ಬಿಟ್ಟವರ ಸಂಖ್ಯೆ ಈಗ ನೂರಕ್ಕೆ ಒಂಬತ್ತು. ಶೇ 5 ದಾಟಿದರೆ ವರ್ಗಮೂಲದ ಅಡ್ಡದಾರಿ ಬಿಟ್ಟು ವರ್ಗಸಮೀಕರಣ ಬಿಡಿಸಿ ಎಂದು ಮೇಷ್ಟ್ರು ಹೇಳುವುದು ಇದಕ್ಕೇ. ಇಲ್ಲಿ ಎರಡೂ ದಾರಿಯ ಉತ್ತರಕ್ಕೆ ಇರುವ ಅಂತರ 0.02 ಮಾತ್ರ. ಪರೀಕ್ಷೆಯಲ್ಲಿ ಅದಕ್ಕೂ ಅಂಕವಿದೆ, ತಟ್ಟೆಯಲ್ಲಿ ಇಲ್ಲ.

ತಟ್ಟೆಯಲ್ಲಿ ಬೆಲೆ ಇರುವುದು ಬಫರ್ ಲೆಕ್ಕಕ್ಕೆ. 1908ರಲ್ಲಿ ಹೆಂಡರ್ಸನ್ ಕೊಟ್ಟು 1916ರಲ್ಲಿ ಹ್ಯಾಸಲ್‌ಬಾಕ್ ಲಾಗರಿದಂ ರೂಪಕ್ಕೆ ತಂದ ಸಮೀಕರಣ ಹೇಳುವುದಿಷ್ಟು: ದ್ರಾವಣದ ಪಿಎಚ್ ಆ ಆಮ್ಲದ ಪಿಕೆಎಗೆ (ಪಿಎಚ್‌ನ ಹಾಗೆಯೇ ಹತ್ತರ ಘಾತವಾಗಿ ಬರೆದ ವಿಯೋಜನ ಸ್ಥಿರಾಂಕಕ್ಕೆ) ಸಮನಾದಾಗ ಅರ್ಧ ಅಣುಗಳು ಪ್ರೋಟಾನ್ ಬಿಟ್ಟಿರುತ್ತವೆ, ಒಂದು ಅಂಕ ಮೇಲಿದ್ದರೆ ಹನ್ನೊಂದರಲ್ಲಿ ಹತ್ತು. ಫಾರ್ಮಿಕ್ ಆಮ್ಲದ ಪಿಕೆಎ 3.75, ವಿನೆಗರಿನ ಅಸೆಟಿಕ್ ಆಮ್ಲದ್ದು 4.76. ಹಾಲು ಹೆಪ್ಪುಗಟ್ಟುವ 4.75ರಲ್ಲಿ ಫಾರ್ಮಿಕ್ ತನ್ನ ದಾಸ್ತಾನಿನ ಶೇ 91ನ್ನು ಬಿಟ್ಟುಕೊಟ್ಟಿರುತ್ತದೆ, ಅಸೆಟಿಕ್ ಅರ್ಧವನ್ನು ಮಾತ್ರ. ಅಣುತೂಕದ ವ್ಯತ್ಯಾಸವನ್ನೂ ಹಿಡಿದರೆ ಗ್ರಾಂ ಲೆಕ್ಕದಲ್ಲಿ ಅಸೆಟಿಕ್ ಎರಡು ಪಟ್ಟಿಗೂ ಹೆಚ್ಚು ಬೇಕು. ಬಾಟಲಿಯಲ್ಲಿ ನೂರಕ್ಕೆ ಮೂರು ಬಿಡುತ್ತಿದ್ದ ಅದೇ ಫಾರ್ಮಿಕ್, ಹಾಲಿಗೆ ಬಿದ್ದಾಗ ನೂರಕ್ಕೆ ತೊಂಬತ್ತು ಬಿಡುತ್ತದೆ. ಆಮ್ಲ ದುರ್ಬಲವೋ ಪ್ರಬಲವೋ ಎಂಬುದಕ್ಕೆ ಅದು ಯಾವ ಪಾತ್ರೆಯಲ್ಲಿದೆ ಎಂಬುದನ್ನೂ ಕೇಳಬೇಕು.

ಮುರಕಲ್ಲ ಮಣ್ಣಿನ ದಾಸ್ತಾನು

ದಾಸ್ತಾನಿನ ಮಾತು ಎಲ್ಲಕ್ಕಿಂತ ಜೋರಾಗಿ ಕೇಳುವುದು ಮಣ್ಣಿನಲ್ಲಿ. ಮುರಕಲ್ಲ ಸೀಮೆಯ ಮಣ್ಣು ಆಮ್ಲೀಯ. ಸಾವಿರಾರು ವರ್ಷಗಳ ಮಳೆ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತೊಳೆದು ಹೊಳೆಗೆ ಸೇರಿಸಿ, ಕಬ್ಬಿಣ ಮತ್ತು ಅಲ್ಯೂಮಿನಿಯಂಗಳನ್ನು ಉಳಿಸಿದೆ. ಒಂದು ತೋಟದ ಮಣ್ಣಿನ ಪಿಎಚ್ 5 ಎಂದು ಪರೀಕ್ಷೆಯಲ್ಲಿ ಬಂತು ಎನ್ನೋಣ. ಎಕರೆಗೆ ಎಷ್ಟು ಸುಣ್ಣ?

ಒಂದು ಎಕರೆ 4047 ಚದರ ಮೀಟರ್. ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 600 ಘನ ಮೀಟರ್. ಅದರ ಕಾಲು ಭಾಗ ನೀರು ಎಂದರೆ ಒಂದೂವರೆ ಲಕ್ಷ ಲೀಟರ್. ಪಿಎಚ್ 5 ಎಂದರೆ ಲೀಟರಿಗೆ ಲಕ್ಷದ ಒಂದು ಪಾಲು ಮೋಲ್. ಒಟ್ಟು 1.5 ಮೋಲ್ ಆಮ್ಲ. ಅದನ್ನು ತಣಿಸಲು ಬೇಕಾದ ಸುಣ್ಣ 55 ಗ್ರಾಂ. ಒಂದು ಎಕರೆಗೆ ಒಂದು ಹಿಡಿ!

ಯಾವ ಕೃಷಿಕನೂ ಇದನ್ನು ನಂಬಲಾರ, ನಂಬಲೂಬಾರದು. ಅಡಿಕೆಗೆ ಶಿಫಾರಸಾದ 2.7 ಮೀಟರ್ ಅಂತರದಲ್ಲಿ ಎಕರೆಗೆ ಸುಮಾರು 550 ಮರ ಬರುತ್ತವೆ. ಮರಕ್ಕೆ ಅರ್ಧ ಕಿಲೋ ಸುಣ್ಣ ಎಂದು ಹಿಡಿದರೂ 275 ಕಿಲೋ; ನಮ್ಮ ಲೆಕ್ಕದ ಐದು ಸಾವಿರ ಪಟ್ಟು. ಲೆಕ್ಕದಲ್ಲಿ ಬಿಟ್ಟುಹೋದದ್ದು ಮಣ್ಣಿನ ಕಣಗಳ ಮೈಗೆ ಅಂಟಿಕೊಂಡಿರುವ ದಾಸ್ತಾನು. ಜೇಡಿ ಮತ್ತು ಕೊಳೆತ ಸೊಪ್ಪಿನ ಅಂಶದ ಮೇಲೆ ಹೈಡ್ರೋಜನ್ ಮತ್ತು ಅಲ್ಯೂಮಿನಿಯಂ ಅಯಾನುಗಳು ಕೂತಿರುತ್ತವೆ. ಮೈಲುತುತ್ತಿನ ತಾಮ್ರದಂತೆ ಅಲ್ಯೂಮಿನಿಯಮ್ಮೂ ಸುತ್ತಲಿನ ನೀರನ್ನು ಬಿಗಿಹಿಡಿದು ಪ್ರೋಟಾನ್ ಬಿಡಿಸುತ್ತದೆ, ತಾಮ್ರಕ್ಕಿಂತ ಬಹಳ ಜೋರಾಗಿ. ಅದರ ಪಿಕೆಎ ಸುಮಾರು 5, ಹೆಚ್ಚುಕಡಿಮೆ ವಿನೆಗರಿನಷ್ಟೇ. ನೀರಿನಲ್ಲಿದ್ದ ಆಮ್ಲವನ್ನು ಸುಣ್ಣ ತಿಂದ ಕೂಡಲೇ ಕಣಗಳಿಂದ ಮತ್ತಷ್ಟು ಇಳಿದು ಬರುತ್ತದೆ. ಹೀಗಾಗಿ ಪಿಎಚ್ ಒಂದೇ ಇರುವ ಎರಡು ತೋಟಗಳಿಗೆ ಬೇಕಾಗುವ ಸುಣ್ಣ ಒಂದೇ ಆಗಬೇಕಿಲ್ಲ. ಮರಳು ಹೆಚ್ಚಿದ್ದಲ್ಲಿ ಕಡಿಮೆ, ಜೇಡಿ ಮತ್ತು ಸೊಪ್ಪು ಹೆಚ್ಚಿದ್ದಲ್ಲಿ ಜಾಸ್ತಿ. ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಸುಣ್ಣದ ಅಗತ್ಯವನ್ನು ತಿಳಿಯಲು, ಪಿಎಚ್ ಗೊತ್ತಿರುವ ಒಂದು ಬಫರ್ ದ್ರಾವಣಕ್ಕೆ ಮಣ್ಣು ಕಲಸಿ ಅದು ಎಷ್ಟು ಇಳಿಯಿತು ಎಂದು ನೋಡುವ ಕ್ರಮ ಇರುವುದು ಇದಕ್ಕೇ. ಬರೀ ಪಿಎಚ್ ಮೀಟರನ್ನು ಮಣ್ಣಿಗೆ ಚುಚ್ಚಿ ಚೀಲದ ಲೆಕ್ಕ ಹೇಳುವವರ ಮಾತು ಅಂದಾಜೇ.

ಮಾಡಿ ನೋಡಲು ಒಂದು ಲೆಕ್ಕ

ಇಷ್ಟನ್ನೂ ಒಟ್ಟಿಗೆ ಪರೀಕ್ಷಿಸಲು ಒಂದು ದಾರಿ ಇದೆ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೂ ಆದೀತು, ಮನೆಗೂ ಉಪಯೋಗ. ಅಂಗಡಿಯಿಂದ ತಂದ ಸುಣ್ಣ ಒಳ್ಳೆಯದೇ ಎಂದು ತಿಳಿಯಬೇಕು. ಸುಣ್ಣದ ತಿಳಿನೀರಿಗೆ ಅರಸಿನ ಹಚ್ಚಿದ ಕಾಗದ ಅದ್ದಿದರೆ ಆರತಿಯ ನೀರಿನಂತೆ ಕೆಂಪಾಗುತ್ತದೆ. ಆದರೆ ಅದರಿಂದ ಏನೂ ತಿಳಿಯದು. ಚೀಲದಲ್ಲಿ ಹತ್ತರಲ್ಲಿ ಎರಡು ಪಾಲು ಮಾತ್ರ ನಿಜವಾದ ಸುಣ್ಣ ಇದ್ದರೂ ನೀರು ತನ್ನ ಮಿತಿಯಷ್ಟು ಕರಗಿಸಿಕೊಂಡು ಅದೇ 12.4 ತೋರಿಸುತ್ತದೆ. ಬಣ್ಣವೂ ಮೀಟರೂ ಇಲ್ಲಿ ಕೈಕೊಡುತ್ತವೆ. ದಾಸ್ತಾನನ್ನು ಖರ್ಚು ಮಾಡಿಯೇ ಅಳೆಯಬೇಕು.

ಒಂದು ಲೀಟರ್ ನೀರಿಗೆ 10 ಗ್ರಾಂ ಮೈಲುತುತ್ತು; ಇನ್ನೊಂದು ಲೀಟರಿಗೆ 10 ಗ್ರಾಂ ಸುಣ್ಣ. ಎರಡೂ ಪ್ಲಾಸ್ಟಿಕ್ ಅಥವಾ ಗಾಜಿನ ಪಾತ್ರೆ, ಕೈಗೆ ಗವಸು. ಮೈಲುತುತ್ತಿನ ನೀರು 100 ಮಿಲಿಲೀಟರ್ ತೆಗೆದುಕೊಂಡು, ಸುಣ್ಣದ ಹಾಲನ್ನು ಪ್ರತಿ ಸಲ ಚೆನ್ನಾಗಿ ಕದಡಿ, ಔಷಧದ ಸಿರಿಂಜಿನಲ್ಲಿ ಐದೈದು ಮಿಲಿಲೀಟರಿನಂತೆ ಹಾಕುತ್ತ ಬರಬೇಕು. ಬಿಡಲು ಮಾಡುವ ಮದ್ದಿಗೆ ಈ ಕ್ರಮ ತಪ್ಪು, ಅಳತೆಗೆ ಇದೇ ಸರಿ. ಮೊದಮೊದಲು ಎಷ್ಟು ಹಾಕಿದರೂ ಲಿಟ್ಮಸ್ ಕೆಂಪಾಗಿಯೇ ಇರುತ್ತದೆ. ಹಾಕಿದ ಸುಣ್ಣವನ್ನೆಲ್ಲ ತಾಮ್ರ ನುಂಗುತ್ತಿರುತ್ತದೆ. ತಾಮ್ರ ಮುಗಿದ ಮೇಲೆ ಒಂದೆರಡು ಸಿರಿಂಜಿನಲ್ಲೇ ಪಿಎಚ್ ಜಿಗಿದು ಲಿಟ್ಮಸ್ ನೀಲಿಯಾಗುತ್ತದೆ, ಕಬ್ಬಿಣದ ಮೊಳೆ ಅದ್ದಿದರೆ ಕೆಂಪು ಕೂರುವುದಿಲ್ಲ. ಆಗ ಎಷ್ಟು ಮಿಲಿಲೀಟರ್ ಖರ್ಚಾಯಿತು ಎಂದು ಬರೆದುಕೊಳ್ಳಬೇಕು.

ಅರಳಿದ ಸುಣ್ಣ ಅಪ್ಪಟವಾಗಿದ್ದರೆ 30ರ ಒಳಗೆ ಮುಗಿಯುತ್ತದೆ. 60 ಬಂದರೆ ಚೀಲದ ಅರ್ಧ ಮಾತ್ರ ಸುಣ್ಣ. ಆದರೂ ಕಿಲೋಗೆ ಕಿಲೋ ಹಾಕಿದರೆ ಮದ್ದು ಹದವಾಗುತ್ತದೆ, ಮೇಲೆ ಸ್ವಲ್ಪ ಉಳಿಯುತ್ತದೆ. 100 ದಾಟಿದರೆ ಒಂದು ಕಿಲೋ ಸುಣ್ಣವೂ ಸಾಲದು ಎಂದರ್ಥ. ಅಂಥ ಮದ್ದು ಬಿಟ್ಟರೆ ಕೊಳೆಗಿಂತ ಮೊದಲು ಎಳೆಯ ಅಡಿಕೆ ಸುಡುತ್ತದೆ. ಬಂದ ಅಂಕಿಯನ್ನು ಚೀಲದ ಮೇಲೆ ಬರೆದಿಟ್ಟರೆ ಡ್ರಮ್ಮಿಗೆ ಎಷ್ಟು ಸುಣ್ಣ ಎಂಬ ಚರ್ಚೆ ಆ ವರ್ಷಕ್ಕೆ ಮುಗಿಯಿತು. ಬರೆದಿಟ್ಟ ಹುಡುಗನಿಗೋ ಹುಡುಗಿಗೋ ಅನುಮಾಪನದ ಪ್ರಶ್ನೆಗೆ ಬೇರೆ ಸೂತ್ರ ಬಾಯಿಪಾಠ ಮಾಡಬೇಕಾಗಿಯೂ ಇಲ್ಲ.